ಬೆಳ್ಳಿ ಎದ್ದ ಪೈಲ್ವಾನರ ಫೋಟೋಗಳು: ನಕಲು ತೆಗೆದ ನನ್ನ ಅನುಭವ

ಹಳೆಯ ಬ್ರೋಮೈಡ್ ಪ್ರಿಂಟಿನಲ್ಲಿ, ಎಂದರೆ ಬೆಳ್ಳಿಯ ಲವಣದ ಕಾಗದದ ಮೇಲೆ ಮುದ್ರಿಸಿದ ಕಪ್ಪು ಬಿಳುಪು ಫೋಟೋದಲ್ಲಿ, ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುವುದನ್ನು ಕಾಣದ ಸ್ಟುಡಿಯೋದವರು ನಮ್ಮಲ್ಲಿ ಯಾರೂ ಇರಲಾರರು. ಮದುವೆಯ ಫೋಟೋ ಆದರೆ ಅದು ಹೆಚ್ಚು ಕಾಡುವುದಿಲ್ಲ. ಮುಖ ಬಿಳುಪಾಗಿ ಉಳಿದಿರುತ್ತದೆ, ಹೊಳಪು ಕೋಟಿನ ಮೇಲೋ ಹಿಂದಿನ ಪರದೆಯ ಮೇಲೋ ಕುಳಿತಿರುತ್ತದೆ. ಗರಡಿ ಪೈಲ್ವಾನರ ಫೋಟೋಗಳಲ್ಲಿ ಹಾಗಲ್ಲ. ಬೆಳ್ಳಿ ಏಳುವುದು ಕಪ್ಪು ದಟ್ಟವಾಗಿರುವ ಕಡೆಯಲ್ಲಿ, ಪೈಲ್ವಾನನ ಮೈಕಟ್ಟು ಕಾಣಿಸುವುದೂ ಅದೇ ಕಪ್ಪಿನಲ್ಲಿ: ಪಕ್ಕೆಲುಬಿನ ಕೆಳಗಿನ ನೆರಳು, ತೊಡೆಯ ಸ್ನಾಯುಗಳ ನಡುವಿನ ಗೆರೆ, ಭುಜವು ತೋಳಿಗೆ ಸೇರುವಲ್ಲಿನ ತಗ್ಗು. ಅಲ್ಲಿ ಹೊಳಪು ಬಂದರೆ ವರ್ಷಗಟ್ಟಲೆ ದಂಡ, ಬಸ್ಕಿ ಹೊಡೆದು ಕಟ್ಟಿದ ಮೈ ಚಪ್ಪಟೆ ಹಲಗೆಯಾಗಿ ಕಾಣುತ್ತದೆ.

ಕೋಲಾರ, ಮುಳಬಾಗಿಲು, ಮಾಲೂರು, ಕೆ.ಜಿ.ಎಫ್. ಸುತ್ತಮುತ್ತಲ ಮನೆಗಳಿಂದಲೂ ಗರಡಿಗಳ ಗೋಡೆಗಳಿಂದಲೂ ನಾನು ಇಂಥ ಫೋಟೋಗಳನ್ನು ಕೆಲವು ವರ್ಷಗಳಿಂದ ನಕಲು ತೆಗೆಯುತ್ತಿದ್ದೇನೆ. ಹೆಚ್ಚಿನವು 1930ರಿಂದ 1960ರ ನಡುವಿನವು. ಲಂಗೋಟಿ ಕಟ್ಟಿ, ಗದೆಯನ್ನು ಹೆಗಲಿಗೇರಿಸಿ, ಬಣ್ಣದ ಪರದೆಯ ಮುಂದೆ ನಿಂತ ಫುಲ್ ಸೈಜ್ ಚಿತ್ರಗಳು. ಇವನ್ನು ಕೈಯಿಂದ ಮತ್ತೆ ಬರೆಸಬೇಕೇ ಹೊರತು ಕ್ಯಾಮೆರಾದಲ್ಲಿ ಹಿಡಿಯಲಾಗದು ಎಂದು ಬಂಗಾರಪೇಟೆಯ ಹಿರಿಯ ಮಿತ್ರರೊಬ್ಬರು ಛಾಯಾಗ್ರಾಹಕರ ಸಭೆಯಲ್ಲಿ ಎಲ್ಲರೆದುರು ಹೇಳಿದ್ದರು. ಈಗ ಅವರೇ ತಮಗೆ ಬಂದ ಪೈಲ್ವಾನರ ಫೋಟೋಗಳನ್ನು ನನಗೆ ಕಳುಹಿಸುತ್ತಾರೆ. ಆದುದರಿಂದ ಈ ಬರಹ.

ಮೊದಲು ಕೈಕೊಟ್ಟಿದ್ದು ಸ್ಕ್ಯಾನರ್. ಅದರ ದೀಪ ಒಂದೇ ಕೋನದಿಂದ ಬರುವುದರಿಂದ ಬೆಳ್ಳಿಯ ಪದರ ನೀಲಿ ಮಂಜಾಗಿ ದಾಖಲಾಗುತ್ತಿತ್ತು, ಆ ಮಂಜಿನ ಹಿಂದಿನ ವಿವರವನ್ನು ತಂತ್ರಾಂಶದಲ್ಲಿ ಬೆಳಕು ನೆರಳು ತಿದ್ದುವ ಯಾವ ಲೆವೆಲ್ಸ್, ಕರ್ವ್ಸ್ ಕೂಡ ಹೊರತೆಗೆಯಲಿಲ್ಲ. ಬಿಸಿಲಿನಲ್ಲಿ ಇಟ್ಟು ತೆಗೆದೆ. ಸಾಫ್ಟ್‌ಬಾಕ್ಸ್‌ಗಳನ್ನು ತೀರ ಪಕ್ಕಕ್ಕೆ ಸರಿಸಿ ತೆಗೆದೆ. ಹೊಳಪು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಜರುಗಿತೇ ಹೊರತು ಹೋಗಲಿಲ್ಲ. ಆಮೇಲೆ ಎಐ ತಂತ್ರಾಂಶವೊಂದಕ್ಕೆ ವರ್ಷದ ಚಂದಾ ಎಂದು ಹತ್ತಿರ ಹತ್ತಿರ ₹8,000 ಕೊಟ್ಟೆ. ಅದು ಮಾಡಿದ ಕೆಲಸವನ್ನು ನೋಡಿ ಗಿರಾಕಿಯೇ ನಕ್ಕುಬಿಟ್ಟರು. ಹಾಲು, ತುಪ್ಪ, ಬಾದಾಮಿಯಿಂದ ಬೆಳೆದ, ದಪ್ಪ ಸೊಂಟದ, ಮಟ್ಟಿಯ (ಗರಡಿಯ ಮಣ್ಣಿನ) ಮೇಲೆ ಯಾರೂ ಅಲುಗಾಡಿಸಲಾಗದಂತಿದ್ದ ಅವರ ತಾತನಿಗೆ ಆ ತಂತ್ರಾಂಶ ಸಿಕ್ಸ್ ಪ್ಯಾಕ್ ಮೂಡಿಸಿತ್ತು. ಕುಸ್ತಿಯ ಮೈ ಬೇರೆ, ಬಾಡಿಬಿಲ್ಡಿಂಗ್ ಮೈ ಬೇರೆ ಎಂಬುದನ್ನು ಅರಿಯದ ಯಂತ್ರದ ಕೈಗೆ ಪೈಲ್ವಾನರನ್ನು ಒಪ್ಪಿಸಬಾರದು ಎಂದು ಅಂದೇ ತೀರ್ಮಾನಿಸಿದೆ.

ಕೊನೆಗೆ ಕೆಲಸ ಕೊಟ್ಟಿದ್ದು ಎರಡು ಕಡೆಯ ಪೋಲರೈಸಿಂಗ್: ದೀಪಗಳ ಮುಂದೆ ಹಾಳೆ, ಲೆನ್ಸಿನ ಮುಂದೆ ಫಿಲ್ಟರ್. ಇವು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತವೆ; ಹಾಳೆಗೆ ಫಿಲ್ಟರನ್ನು ಅಡ್ಡವಾಗಿ ತಿರುಗಿಸಿದರೆ ಮೇಲ್ಮೈಯಿಂದ ಹೊಳೆದು ಬರುವ ಬೆಳಕು ಲೆನ್ಸಿಗೆ ತಲುಪುವುದಿಲ್ಲ. ಹಾಳೆಯ ಖರ್ಚು ಉಳಿಸೋಣವೆಂದು ಕೆಟ್ಟುಹೋದ ಎಲ್‌ಸಿಡಿ ಮಾನಿಟರುಗಳನ್ನು ಗುಜರಿಯಿಂದ ತಂದು ಅವುಗಳ ಪೋಲರೈಸರ್ ಪದರವನ್ನು ಸುಲಿದೆ. ಸುಲಿಯುವುದು ಸುಲಭ, ಅದರ ಅಂಟು ತೆಗೆಯುವುದು ಅಸಾಧ್ಯ. ಅಸಿಟೋನ್ ಹಾಕಿದರೆ ಹಾಳೆಯೇ ಮಂಕಾಯಿತು. ಬಳಿಕ ಒಳ್ಳೆಯ ಲೀನಿಯರ್ ಹಾಳೆಗಳನ್ನೇ ತರಿಸಿದೆ, ಎರಡಕ್ಕೂ ಸೇರಿ ₹4,000ದ ಆಸುಪಾಸು. ಅವುಗಳಲ್ಲೊಂದನ್ನು ಹಳೆಯ ಹ್ಯಾಲೋಜನ್ ದೀಪದ ಮುಂದೆ ಕಟ್ಟಿದ್ದರಿಂದ ಕಾವಿಗೆ ಸುಕ್ಕಾಗಿ ಹೋಯಿತು, ಮತ್ತೆ ಕೊಳ್ಳಬೇಕಾಯಿತು. ಎಲ್‌ಇಡಿ ಪ್ಯಾನೆಲ್‌ಗಳಿಗೆ ಬದಲಾದ ಮೇಲೆ ಆ ಕಾಟವಿಲ್ಲ. ಲೆನ್ಸಿನ ಫಿಲ್ಟರ್, ಪ್ಯಾನೆಲ್, ಸ್ಟ್ಯಾಂಡ್ ಎಲ್ಲ ಕೂಡಿ ನನಗೆ ₹25,000ದಷ್ಟು ಬಿದ್ದಿರಬೇಕು.

ಎರಡೂ ದೀಪಗಳ ಮುಂದಿನ ಹಾಳೆಗಳ ದಿಕ್ಕು ಒಂದೇ ಆಗಿರಬೇಕು, ಇದರಲ್ಲಿ ಸ್ವಲ್ಪವೂ ಸಡಿಲ ಬೇಡ. ಪ್ರಿಂಟಿನ ಪಕ್ಕದಲ್ಲಿ ಹೊಸ ಒಂದು ರೂಪಾಯಿ ನಾಣ್ಯವನ್ನು ಇಟ್ಟು, ಅದರ ಹೊಳಪು ಆರಿ ಕಪ್ಪಾಗುವವರೆಗೆ ಲೆನ್ಸಿನ ಫಿಲ್ಟರನ್ನು ತಿರುಗಿಸುತ್ತೇನೆ. ನಾಣ್ಯ ಕಪ್ಪಾದ ಗಳಿಗೆಯಲ್ಲೇ ಪ್ರಿಂಟಿನ ಬೆಳ್ಳಿಯೂ ಮಾಯವಾಗಿ, ಕಾಣೆಯಾಗಿದ್ದ ತೊಡೆಯ ಗೆರೆ, ಪಕ್ಕೆಯ ನೆರಳು ವ್ಯೂಫೈಂಡರಿನಲ್ಲಿ ಎದ್ದು ಬರುತ್ತವೆ. ಬೆಳಕು ಮಾತ್ರ ಬಹಳ ತಿನ್ನುತ್ತದೆ, ಎಕ್ಸ್‌ಪೋಷರ್ ಸುಮಾರು ಎಂಟು ಪಟ್ಟು ಹೆಚ್ಚು ಬೇಕು. ಎಫ್ 8, ಐಎಸ್‌ಒ 100ರಲ್ಲಿ ಒಂದೊಂದು ಸೆಕೆಂಡ್ ತೆರೆದಿಡುವಾಗ ಕಟ್ಟಡ ಅಲುಗಬಾರದು. ಟೊಮೆಟೊ ಕಾಲದಲ್ಲಿ ಮಾರುಕಟ್ಟೆಯ ಕಡೆಗೆ ಲಾರಿಗಳು ಸಾಲುಗಟ್ಟುವ ನಮ್ಮ ಊರಿನಲ್ಲಿ ಅದಕ್ಕೂ ಹೊತ್ತು ನೋಡಬೇಕು.

ಚೌಕಟ್ಟಿನ ಗಾಜಿಗೆ ಪ್ರಿಂಟ್ ಅಂಟಿಕೊಂಡಿದ್ದರೆ ನಾನು ಬಿಡಿಸುವುದೇ ಇಲ್ಲ. ತೇವಕ್ಕೆ ಮೆತ್ತಗಾದ ಜೆಲಾಟಿನ್, ಎಂದರೆ ಚಿತ್ರವನ್ನು ಹೊತ್ತ ಪದರ, ಗಾಜನ್ನು ಹಿಡಿದುಕೊಂಡಿರುತ್ತದೆ; ಎಳೆದರೆ ಮುಖವೋ ಎದೆಯೋ ಗಾಜಿನ ಮೇಲೆಯೇ ಉಳಿಯುತ್ತದೆ. ಗಾಜನ್ನು ಒರೆಸಿ ಅದರ ಮೂಲಕವೇ ತೆಗೆದರೆ ಗಾಜಿನ ಪ್ರತಿಫಲನವೂ ಈ ಕ್ರಮದಲ್ಲಿ ಕಳೆದುಹೋಗುತ್ತದೆ. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಹಾಕಿದ್ದರೆ ಮಾತ್ರ ಫಜೀತಿ: ಮುಳಬಾಗಿಲಿನಿಂದ ಬಂದ ಅಂಥ ಒಂದು ಚೌಕಟ್ಟಿನಲ್ಲಿ ಪೈಲ್ವಾನರ ಎದೆಯ ಮೇಲೆ ಕಾಮನಬಿಲ್ಲಿನ ಪಟ್ಟೆಗಳು ಕಾಣಿಸಿದವು, ಪ್ಲಾಸ್ಟಿಕ್ಕಿನೊಳಗಿನ ಒತ್ತಡ ಪೋಲರೈಸ್ ಆದ ಬೆಳಕಿನಲ್ಲಿ ಹಾಗೆ ತೋರುತ್ತದೆ. ಪುಣ್ಯಕ್ಕೆ ಅದು ಅಂಟಿರಲಿಲ್ಲ, ತೆಗೆದಿಟ್ಟೆವು.

ಹಳದಿಯಾಗಿ ಮಾಸಿದ ಪ್ರಿಂಟುಗಳ ಪಾಡು ಬೇರೆ. ಹಿಂದಿನವರು ಇಂಥವನ್ನು ನೀಲಿ ಫಿಲ್ಟರ್ ಹಾಕಿ ನಕಲು ತೆಗೆಯುತ್ತಿದ್ದರು. ನೀಲಿಯಲ್ಲಿ ಹಳದಿ ಚಿತ್ರ ಗಾಢವಾಗಿ ನಿಲ್ಲುತ್ತದೆ. ನಾನು ರಾ ಫೈಲಿನ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲಿನ) ನೀಲಿ ಚಾನೆಲ್ಲನ್ನು, ಎಂದರೆ ನೀಲಿ ಬೆಳಕಿನ ದಾಖಲೆಯನ್ನು, ಮಾತ್ರ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಕಾಳುಕಾಳಾಗಿ ಬರುವ ನಾಯ್ಸ್ ಅಡಗಲು ಏಳೆಂಟು ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸುತ್ತೇನೆ. ಮಳೆನೀರು, ಚಹಾ, ಬೂಷ್ಟುಗಳ ಕಂದು ಕಲೆಗೆ ಇದರ ತದ್ವಿರುದ್ಧ: ಕೆಂಪು ಚಾನೆಲ್ಲಿನಲ್ಲಿ ಕಲೆ ಬಹುಪಾಲು ಕರಗುತ್ತದೆ. ಒಂದೇ ಪ್ರಿಂಟಿನಲ್ಲಿ ಮಾಸುವಿಕೆಯೂ ಕಲೆಯೂ ಕೂಡಿದ್ದಾಗ ಎರಡು ಚಾನೆಲ್‌ಗಳನ್ನು ಯಾವ ಅಳತೆಯಲ್ಲಿ, ಯಾವ ಮಾಸ್ಕಿನಿಂದ ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅಂಗಡಿಯ ಬಾಡಿಗೆ ಅದರಿಂದಲೇ ನಡೆಯುತ್ತಿದೆ. ಸುರುಳಿ ಸುತ್ತಿದ ಪ್ರಿಂಟನ್ನು ಒತ್ತದೆ ಮಟ್ಟಸ ಮಾಡುವ ಉಪಾಯವೂ ಹಾಗೆಯೇ ಇರಲಿ.

ಬಹುತೇಕ ಎಲ್ಲ ಮನೆಯವರದೂ ಒಂದೇ ದೂರು: ತಾತ ಇಷ್ಟು ಕಪ್ಪಗಿರಲಿಲ್ಲ, ಬೆಳ್ಳಗೆ ಮಾಡಿಕೊಡಿ. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ, ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಗೋದಿಬಣ್ಣದ ಮೈ ಕಪ್ಪಾಗಿಯೂ ಕೆಂಪು ಲಂಗೋಟಿ ಇದ್ದಿಲಾಗಿಯೂ ಬೀಳುತ್ತಿತ್ತು. ಇದನ್ನು ಮನಗಾಣಿಸಲು ನಮ್ಮ ಊರಿನ ಹುಡುಗನೊಬ್ಬನನ್ನು ಗರಡಿಯ ಮಟ್ಟಿಯಿಂದ ಎದ್ದ ಹಾಗೆಯೇ, ಮೈಮೇಲಿನ ಕೆಮ್ಮಣ್ಣಿನೊಡನೆ, ಉತ್ತರದ ಕಿಟಕಿಯೊಂದರ ಬೆಳಕಿನಲ್ಲಿ ನಿಲ್ಲಿಸಿ ತೆಗೆದು, ಹಸಿರು ಮತ್ತು ನೀಲಿ ಚಾನೆಲ್‌ಗಳಲ್ಲಿ ಮಾತ್ರ ಮುದ್ರಿಸಿದೆ. ಮಣ್ಣು ಮೆತ್ತಿದ ಕಡೆ ಕಡುಗಪ್ಪು ಮಚ್ಚೆ, ಬೆವರು ಮಿನುಗಿದ ಕಡೆ ಬಿಳಿ ಗೆರೆ. ಅವನ ಅಜ್ಜಿಯೇ ಅದನ್ನು ಅವನ ತಾತನ ಫೋಟೋ ಎಂದುಕೊಂಡರು. ಎಣ್ಣೆ ಹಚ್ಚಿ ತೆಗೆದಾಗ ಸ್ನಾಯು ಇನ್ನೂ ಚೂಪಾಗಿ ಬಂತು. ಹಳೆಯ ಚಿತ್ರಗಳಿಗೆ ಬಣ್ಣ ತುಂಬುವವರು ಲಂಗೋಟಿಗೆ ಕಪ್ಪನ್ನೇ ಬಳಿಯುತ್ತಾರೆ. ಆಂಜನೇಯನ ಪಟದ ಮುಂದೆ ಕೆಂಪು ಕಟ್ಟಿ ನಿಂತವರಿಗೆ ಹೀಗೆ ಮಾಡುವುದು ಸರಿಯಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಪೋಲರೈಸ್ ಮಾಡಿದ ಫ್ರೇಮಿನ ಜೊತೆಗೆ, ಫಿಲ್ಟರಿಲ್ಲದೆ ಓರೆ ಬೆಳಕಿನಲ್ಲಿ ಒಂದು ಫ್ರೇಮ್ ತೆಗೆದರೆ ಪ್ರಿಂಟಿನ ಮೇಲಿನ ಪೆನ್ಸಿಲ್ ಕೆಲಸ ಬೂದು ಹೊಳಪಾಗಿ ಎದ್ದು ಕಾಣುತ್ತದೆ. ಎಷ್ಟೋ ಪೈಲ್ವಾನರ ಹೊಟ್ಟೆಯ ಗೆರೆಗಳನ್ನು ಸ್ಟುಡಿಯೋದ ರಿಟಚರ್ ಎಳೆದಿದ್ದಾನೆ! ಇದು ನಮ್ಮ ಕಡೆಯವರ ಕಳ್ಳತನವೆಂದು ಯಾರೂ ಭಾವಿಸಬೇಕಾಗಿಲ್ಲ. 1890ರ ದಶಕದಲ್ಲಿ ನ್ಯೂಯಾರ್ಕಿನ ನೆಪೋಲಿಯನ್ ಸರೋನಿ, ಬೆಂಜಮಿನ್ ಫಾಕ್ ಮೊದಲಾದವರು ಆ ಕಾಲದ ಹೆಸರಾಂತ ಕಸರತ್ತುಗಾರ ಯೂಜೆನ್ ಸ್ಯಾಂಡೋನನ್ನು ಕ್ಯಾಬಿನೆಟ್ ಕಾರ್ಡುಗಳಿಗಾಗಿ (ರಟ್ಟಿಗೆ ಅಂಟಿಸಿದ ಫೋಟೋಗಳಿಗಾಗಿ) ತೆಗೆದಾಗಲೂ ಅವನ ಮೈ ಗ್ರೀಕ್ ಶಿಲ್ಪವಾಗಿ ಕಾಣಲೆಂದು ಭಂಗಿ, ಬೆಳಕು, ಅಂಜೂರದ ಎಲೆ ಎಲ್ಲವನ್ನೂ ಹೊಂದಿಸುತ್ತಿದ್ದರು; ವೇದಿಕೆಯಲ್ಲಿ ಅಮೃತಶಿಲೆಯಂತೆ ತೋರಲು ಅವನು ಬಿಳಿ ಪುಡಿ ಬಳಿದುಕೊಳ್ಳುತ್ತಿದ್ದ. ಅಮೆರಿಕದಲ್ಲಿ 1940, 50ರ ದಶಕಗಳ ಫಿಸೀಕ್ (ಮೈಕಟ್ಟಿನ) ಛಾಯಾಗ್ರಾಹಕರು, ಅಶ್ಲೀಲ ಚಿತ್ರಗಳನ್ನು ಅಂಚೆಯಲ್ಲಿ ಕಳುಹಿಸದಂತೆ ತಡೆಯುವ ಕಾನೂನಿನ ಭಯದಿಂದ, ನಗ್ನ ಚಿತ್ರಗಳ ಮೇಲೆ ಲಂಗೋಟಿಯನ್ನೇ ಶಾಯಿಯಲ್ಲಿ ಬರೆದದ್ದುಂಟು. ಆದುದರಿಂದ ನಾನು ಪೆನ್ಸಿಲ್ ಗೆರೆಗಳನ್ನು ಅಳಿಸುವುದಿಲ್ಲ. ಕೇಳಿದವರಿಗೆ ಎರಡೂ ಫ್ರೇಮುಗಳನ್ನು ಕೊಡುತ್ತೇನೆ.

ಸ್ಯಾಂಡೋನ ಆ ಶಿಲ್ಪದ ಭಂಗಿಯನ್ನು ನಮ್ಮ ಸೀಮೆಯವರೇ ಆದ ಕೋಲಾರ ವೆಂಕಟೇಶ ಅಯ್ಯರ್, ಎಂದರೆ ಕೆ.ವಿ. ಅಯ್ಯರ್, ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಗೆ ತಂದರು. 1930ರಲ್ಲಿ ಅವರು ಇಂಗ್ಲಿಷಿನಲ್ಲಿ ಹೊರತಂದ ‘ಮಸಲ್ ಕಲ್ಟ್’ ಪುಸ್ತಕದಲ್ಲಿ ಅವರ ಮೈಯೇ ಮಾದರಿ, ಅವರ ಫೋಟೋಗಳೇ ಪಾಠ. ಆಮೇಲಿನ ನಮ್ಮ ಕಡೆಯ ಪೈಲ್ವಾನರ ಫೋಟೋಗಳಲ್ಲಿ ಗದೆಯನ್ನು ಕೆಳಗಿಟ್ಟು, ಒಂದು ಕಾಲು ಸಡಿಲಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಂತವರನ್ನು ಕಂಡಾಗಲೆಲ್ಲ ನನಗೆ ಅಯ್ಯರರ ಪ್ರಭಾವವೇ ಎನಿಸುತ್ತದೆ. ಅವರ ಅಸಲಿ ಫೋಟೋ ಎಂದು ಮಾಲೂರಿನ ಕಡೆಯವರೊಬ್ಬರು ಜೋಪಾನವಾಗಿ ತಂದ ಚೌಕಟ್ಟಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಬರೀ ಹಾಫ್‌ಟೋನ್ ಚುಕ್ಕೆ. ಅಚ್ಚಾದ ಪುಟವನ್ನು ಕತ್ತರಿಸಿ ಅಂಟಿಸಿದ್ದರು. ಅಂಥದಕ್ಕೆ ನನ್ನ ಕ್ರಮ ಬೇಕಿಲ್ಲ, ಸ್ಕ್ಯಾನರೇ ಸಾಕು. ದುಡ್ಡು ತೆಗೆದುಕೊಳ್ಳದೆ ಕಳುಹಿಸಿದೆ.

ಈಗ ಒಂದು ನಕಲಿಗೆ ₹700 ತೆಗೆದುಕೊಳ್ಳುತ್ತೇನೆ, ಗಾಜಿಗೆ ಅಂಟಿದ್ದರೆ ₹1,000. ಹಾಕಿದ ಹಣ ವರ್ಷದೊಳಗೆ ಹಿಂದಿರುಗಿತು. ಗರಡಿಗಳಿಗೆ ಸೇರಿದ ಚಿತ್ರಗಳಿಗೆ ಕಾಗದದ ಖರ್ಚು ಮಾತ್ರ. ತರುವವರು ಚೌಕಟ್ಟನ್ನು ಬಿಚ್ಚದೆ, ಹಿಂಬದಿಯ ರಟ್ಟನ್ನು ಕೀಳದೆ ತರಬೇಕು. ಸ್ಟುಡಿಯೋದ ಮೊಹರು, ಪೈಲ್ವಾನರ ಹೆಸರು, ಕುಸ್ತಿಯ ಇಸವಿ ಹೆಚ್ಚಾಗಿ ಆ ರಟ್ಟಿನ ಮೇಲೆಯೇ ಇರುತ್ತವೆ.