ಹಳೇ ನಕ್ಷೆ, ಉತ್ತ ಹೊಲ ಮತ್ತು ಒಂದು ತಡಮೆ

ಇಂಗ್ಲೆಂಡಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದ ಮೊದಲ ವರ್ಷ ನಾನು ಮಾಡಿದ್ದು ಬರೀ ನಡಿಗೆ. ಪರಿಚಯದ ರೈತರೊಬ್ಬರು ತಮ್ಮ 40 ಎಕರೆ ಹೊಲದಲ್ಲಿ ಮಣ್ಣಿನಡಿ ಸೇರಿದ ಹಳೇ ಕಾಸು, ಲೋಹದ ವಸ್ತು ಹುಡುಕಲು ಒಪ್ಪಿಗೆ ಕೊಟ್ಟಿದ್ದರು. ನಾನು ಒಂದು ಮೂಲೆಯಿಂದ ಶುರುಮಾಡಿ ಗೆರೆ ಎಳೆದ ಹಾಗೆ ಹೋಗ್ತಾ ಬರ್ತಾ ಇದ್ದೆ. ಒಂದು ದಿನ ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಸಲ ಡಿಟೆಕ್ಟರ್ ಬೀಸಿದರೆ ಸುಮಾರು ಒಂದೂವರೆ ಮೀಟರ್ ಅಗಲ ಮುಗಿಯುತ್ತೆ. ಆ ಹೊಲ ಪೂರ್ತಿ ಮುಗಿಸಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚು ನಡೀಬೇಕು! ಕೊಯ್ಲು ಮುಗಿದು ಮುಂದಿನ ಬಿತ್ತನೆ ಆಗೋವರೆಗೆ ನಮಗೆ ಸಿಗೋದು ಕೆಲವೇ ವಾರ, ಅದರಲ್ಲೂ ವಾರಾಂತ್ಯ ಮಾತ್ರ. ಹಳೇ ನಕ್ಷೆಗಳ ಕಡೆ ತಿರುಗಿದ್ದು ಆಗ. ಇತಿಹಾಸದ ಹುಚ್ಚೇನೂ ಇರಲಿಲ್ಲ, ಕಾಲು ನೋವು ಇತ್ತು.

ಈ ವಿಷಯದಲ್ಲಿ ಬ್ರಿಟನ್ನಿನವರು ಪುಣ್ಯವಂತರು. 1791ರಲ್ಲಿ ಶುರುವಾದ ಆರ್ಡ್‌ನೆನ್ಸ್ ಸರ್ವೆ ಅನ್ನೋ ಸರ್ಕಾರಿ ನಕ್ಷೆ ಸಂಸ್ಥೆ ಹತ್ತೊಂಬತ್ತನೇ ಶತಮಾನದಲ್ಲಿ ದೇಶವನ್ನು ಇಂಚಿಂಚೂ ಅಳೆದಿಟ್ಟಿದೆ. ನೆಲದ ಒಂದು ಮೈಲಿಯನ್ನು ಆರು ಇಂಚಿನಲ್ಲಿ ತೋರಿಸೋ ನಕ್ಷೆಯಲ್ಲಿ ಪ್ರತಿಯೊಂದು ಹೊಲದ ಬೇಲಿ ಕಾಣುತ್ತೆ. ಇಪ್ಪತ್ತೈದು ಇಂಚಿನದರಲ್ಲಿ ಬಾವಿ, ಪಂಪು, ಕಾಲುಸಂಕ ಎಲ್ಲ ಸಿಗುತ್ತವೆ, ಹೊಲದ ನಂಬರು ಸಮೇತ. ಇವನ್ನೆಲ್ಲ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ, ಇಂಗ್ಲೆಂಡಿನದೂ ಸೇರಿ. ಹಳೇ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಒಂದು ಗುಂಡಿ ಎಳೆದರೆ ಮೇಲಿನದು ನಿಧಾನವಾಗಿ ಮಾಸುತ್ತಾ ಕೆಳಗಿನದು ಕಾಣಿಸಿಕೊಳ್ಳುತ್ತೆ. ಈ ಗುಂಡಿಯನ್ನು ಆಚೆ ಈಚೆ ಎಳೀತಾ ನಾನು ಎಷ್ಟು ರಾತ್ರಿ ಕಳೆದಿದ್ದೇನೋ.

ಮೊದಲು ಮಾಡಿದ್ದು ತಪ್ಪೇ. ನಕ್ಷೆಯಲ್ಲಿ ಹೊಲದ ಅಂಚಿಗೆ 'ಸ್ಮಿಥಿ' ಅಂತ ಬರೆದಿತ್ತು, ಕಮ್ಮಾರಸಾಲೆ. ಈಗ ಅಲ್ಲಿ ಏನೂ ಇಲ್ಲ. ಜನ ಬಂದು ಹೋಗಿರೋ ಜಾಗ, ದುಡ್ಡು ಕೈ ಬದಲಾಯಿಸಿರೋ ಜಾಗ, ಸಿಕ್ಕೇ ಸಿಗುತ್ತೆ ಅಂತ ಓಡಿದೆ. ಡಿಟೆಕ್ಟರ್ ಕೂಗೋದು ನಿಲ್ಲಿಸಲೇ ಇಲ್ಲ. ಕುದುರೆ ಲಾಳದ ಚೂರು, ಮೊಳೆ, ಕಬ್ಬಿಣದ ಕಿಟ್ಟ. ಅಷ್ಟು ಕಬ್ಬಿಣದ ಮಧ್ಯೆ ಒಂದು ತಾಮ್ರದ ಕಾಸಿದ್ದರೂ ಅದರ ದನಿ ಕೇಳಿಸೋದಿಲ್ಲ. ಎರಡು ಭಾನುವಾರ ಹಾಳಾದ ಮೇಲೆ ಬುದ್ಧಿ ಬಂತು. ನಕ್ಷೆಯಲ್ಲಿ ಹೆಸರು ಬರೆದಿರೋ ಜಾಗ ಎಲ್ಲರ ಕಣ್ಣಿಗೂ ಬೀಳುತ್ತೆ, ನನಗಿಂತ ಮೊದಲು ಹತ್ತು ಜನ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಹುಡುಕಬೇಕಾದ್ದು ಒಂದು ನಕ್ಷೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರೋದನ್ನು. ಅಂಥದಕ್ಕೆ ಹೆಸರೂ ಇರೋದಿಲ್ಲ.

ಅದೇ 40 ಎಕರೆ ಹೊಲ. 1880ರ ದಶಕದ ನಕ್ಷೆಯಲ್ಲಿ ಅದು ಒಂದಲ್ಲ, ಐದು ಹೊಲ. ಎರಡನೇ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳು ಬಂದು ಬೇಲಿಗಳನ್ನೆಲ್ಲ ಕಿತ್ತು ಒಂದೇ ಬಯಲು ಮಾಡಿದ ಕಥೆ ಇಂಗ್ಲೆಂಡಿನ ತುಂಬಾ ಇದೆ. ಮಾಯವಾದ ಆ ಬೇಲಿಗಳಲ್ಲಿ ಒಂದನ್ನು ಅಡ್ಡಡ್ಡ ದಾಟಿ ಜೋಡಿ ಚುಕ್ಕೆಗೆರೆ ಚರ್ಚಿನ ಕಡೆ ಹೋಗಿತ್ತು, ಪಕ್ಕದಲ್ಲಿ 'ಎಫ್.ಪಿ.' ಅನ್ನೋ ಎರಡಕ್ಷರ, ಅಂದರೆ ಫುಟ್‌ಪಾತ್. ಕಾಲುದಾರಿ. ಕಾಲುದಾರಿ ಬೇಲಿಯನ್ನು ದಾಟೋ ಕಡೆ ಏನಿರಬೇಕು? ತಡಮೆ. ಮಲೆನಾಡು, ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರಿಗೆ: ದನ ನುಗ್ಗದ ಹಾಗೆ, ಮನುಷ್ಯ ಮಾತ್ರ ಹತ್ತಿ ಇಳಿಯೋ ಹಾಗೆ ಬೇಲಿಯಲ್ಲಿ ಮಾಡಿದ ದಾರಿ. ಭಾನುವಾರ ಚರ್ಚಿಗೆ ಹೊರಟವರು ಕಾಲೆತ್ತಿ ದಾಟುವಾಗ, ಇನ್ನೊಬ್ಬರಿಗೆ ಕೈ ಕೊಡುವಾಗ, ಒಂದು ಕ್ಷಣ ಅಲ್ಲೇ ಕೂತು ಸುಧಾರಿಸಿಕೊಳ್ಳುವಾಗ ಜೇಬಿನಿಂದ ಜಾರಿದ್ದೆಲ್ಲ ಅಲ್ಲೇ ಹುಲ್ಲಿನಲ್ಲಿ.

ದಾರಿ ಬೇಲಿ ದಾಟೋ ಆ ಜಾಗವನ್ನು ಫೋನಿನಲ್ಲಿ ಗುರುತು ಹಾಕಿಕೊಂಡು ಹೋದರೆ ಏನೂ ಇಲ್ಲ. ಒಂದು ಮೊಳೆಯೂ ಸಿಗಲಿಲ್ಲ, ಅದೇ ನನಗೆ ವಿಚಿತ್ರ ಅನ್ನಿಸಿದ್ದು. ಬೇಲಿ ಇದ್ದ ಜಾಗದಲ್ಲಿ ಕಬ್ಬಿಣ ಇರದೇ ಹೇಗೆ? ಮನೆಗೆ ಬಂದು ಮತ್ತೆ ನಕ್ಷೆ ತೆರೆದೆ. ಈ ಸಲ ಹೊಲ ನೋಡದೆ ರೈತರ ಮನೆ ನೋಡಿದೆ. ಆ ಕಲ್ಲಿನ ಮನೆ ಅಂದೂ ಇತ್ತು, ಇಂದೂ ಇದೆ. ಹಳೇ ನಕ್ಷೆಯ ಮನೆಮೂಲೆ ಉಪಗ್ರಹ ಚಿತ್ರದ ಮೂಲೆಗಿಂತ ಹನ್ನೆರಡು ಮೀಟರ್ ಪಶ್ಚಿಮಕ್ಕೆ ಸರಿದು ಕೂತಿತ್ತು. ಕಾಗದ ಹಿಗ್ಗಿ ಕುಗ್ಗಿರುತ್ತೆ, ಹೊದಿಸುವಾಗ ಅಲ್ಲಲ್ಲಿ ಎಳೆದು ಕೂರಿಸಿರುತ್ತಾರೆ. ಇಡೀ ಹಳ್ಳಿ ನೋಡುವಾಗ ಹನ್ನೆರಡು ಮೀಟರ್ ಲೆಕ್ಕಕ್ಕಿಲ್ಲ, ಒಂದು ಮೀಟರ್ ಅಗಲದ ಕಾಲುದಾರಿ ಹುಡುಕುವಾಗ ಅದೇ ಎಲ್ಲ. ಆಮೇಲಿಂದ ಯಾವುದೇ ಹೊಲಕ್ಕೆ ಹೊರಡೋ ಮುಂಚೆ ಹತ್ತಿರದಲ್ಲಿ ಅಲುಗಾಡದ ಎರಡು ಗುರುತು ನೋಡ್ತೀನಿ. ಹಳೇ ಮನೆಯ ಮೂಲೆ, ಚರ್ಚಿನ ಗೋಪುರ, ಇಲ್ಲವೇ ರಸ್ತೆ ಕೂಡೋ ಜಾಗ. ಅವು ಎಷ್ಟು, ಯಾವ ಕಡೆ ಸರಿದಿವೆಯೋ ಅಷ್ಟನ್ನು ಲೆಕ್ಕದಲ್ಲಿ ಸರಿಪಡಿಸಿಕೊಂಡು ಹೋಗ್ತೀನಿ.

ಮುಂದಿನ ವಾರ ದಾರಿಯ ಉದ್ದಕ್ಕೆ ನಡೆಯೋ ಬದಲು ಅದನ್ನು ಅಡ್ಡಡ್ಡ ಕತ್ತರಿಸೋ ಹಾಗೆ, ಐದೈದು ಮೀಟರಿಗೊಂದು ಗೆರೆ ನಡೆದೆ. ಫೋನಿನ ಜಿಪಿಎಸ್ಸನ್ನೂ ಪೂರ್ತಿ ನಂಬೋ ಹಾಗಿಲ್ಲವಲ್ಲ. ಕಬ್ಬಿಣ ಕೂಗಿದಲ್ಲಿ ಕೆಂಪು ಕಡ್ಡಿ, ಬೇರೆ ಲೋಹ ಕೂಗಿದಲ್ಲಿ ಬಿಳಿ ಕಡ್ಡಿ ನೆಟ್ಟೆ. ಮಧ್ಯಾಹ್ನದ ಹೊತ್ತಿಗೆ ಹಿಂದಿರುಗಿ ನೋಡಿದರೆ ಕೂಳೆಯ ಮಧ್ಯೆ ಕೆಂಪು ಕಡ್ಡಿಗಳು ಸಾಲಾಗಿ ನಿಂತಿವೆ. ಅದು ಬೇಲಿ, ಮೊಳೆ ಮತ್ತು ತಂತಿಚೂರಿನ ಬೇಲಿ. ಆ ಸಾಲಿನ ಒಂದು ಕಡೆ, ಕೋಣೆಯಷ್ಟು ಜಾಗದಲ್ಲಿ, ಏಳು ಬಿಳಿ ಕಡ್ಡಿ. ಬಟ್ಟೆಯ ಎರಡು ಚಪ್ಪಟೆ ಗುಂಡಿ, ಒಂದು ಹೊಲಿಗೆಯ ಬೆರಳುಟೊಪ್ಪಿ, ವಿಕ್ಟೋರಿಯಾ ರಾಣಿಯ ಎರಡು ಪೆನ್ನಿ, ಸೀಸದ ಒಂದು ಉಂಡೆ. ಏಳನೆಯದು ಗೇಣುದ್ದದ ಆಳದಲ್ಲಿತ್ತು. ಮಣ್ಣು ಒರೆಸಿದಾಗ ದಪ್ಪ ಅಂಚು ಕಂಡಿತು, ಅಂಚಿನಲ್ಲಿ ಒಳಗೆ ಕೊರೆದ ಅಕ್ಷರ. 1797ರ 'ಕಾರ್ಟ್‌ವೀಲ್' ಪೆನ್ನಿ, ಮ್ಯಾಥ್ಯೂ ಬೌಲ್ಟನ್ ಬರ್ಮಿಂಗ್‌ಹ್ಯಾಮ್ ಬಳಿಯ ತನ್ನ ಸೋಹೋ ಟಂಕಸಾಲೆಯಲ್ಲಿ ಹಬೆಯಂತ್ರದಿಂದ ಒತ್ತಿದ್ದು. ಒಂದು ಔನ್ಸ್ ತೂಕ, ಅಂದರೆ 28 ಗ್ರಾಮ್ ತಾಮ್ರ. ಹೆಸರಿಗೆ ತಕ್ಕ ಬಂಡಿಚಕ್ರವೇ. ಮೂರನೇ ಜಾರ್ಜನ ಮುಖ ಸವೆದು ಬರೀ ನೆರಳಾಗಿತ್ತು. ಈ ಕಾಸು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಚಲಾವಣೆಯಲ್ಲಿತ್ತು, ಹಾಗಾಗಿ ಬಿದ್ದದ್ದು 1800ರಲ್ಲೋ 1850ರಲ್ಲೋ ಕಾಸು ಹೇಳೋದಿಲ್ಲ. ಮಾರಿದರೆ ದೊಡ್ಡ ಬೆಲೆಯದ್ದೂ ಅಲ್ಲ. ನಿಧಿ ಸಿಕ್ಕಿತಾ ಅಂತ ಫೋನಿನಲ್ಲಿ ಕೇಳೋ ನೆಂಟರಿಗೆ ಇದನ್ನು ತೋರಿಸಿದರೆ ಅವರ ಮುಖ ಸಪ್ಪೆಯಾಗುತ್ತೆ.

ಸರ್ವೆ ನಕ್ಷೆಗಿಂತ ಹಿಂದೆ ಹೋಗೋದಕ್ಕೆ ನನ್ನ ನೆಚ್ಚಿನದು ಟೈದ್ ನಕ್ಷೆ. ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡೋ ಪದ್ಧತಿಯನ್ನು ಹಣಕ್ಕೆ ಬದಲಾಯಿಸಿದ 1836ರ ಕಾನೂನಿಗಾಗಿ ಇವನ್ನು ಬರೆದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಮುಕ್ಕಾಲು ಭಾಗಕ್ಕೆ ಇವೆ. ನಕ್ಷೆಗಿಂತ ಅದರ ಜೊತೆಗಿನ ಪಟ್ಟಿಯೇ ಸೊಗಸು. ಒಡೆಯ ಯಾರು, ಉಳುವವರು ಯಾರು, ಗದ್ದೆಯೋ ಹುಲ್ಲುಗಾವಲೋ, ಎಲ್ಲಕ್ಕಿಂತ ಹೆಚ್ಚಾಗಿ ಹೊಲದ ಹೆಸರು. 'ಫೇರ್ ಫೀಲ್ಡ್' ಅಂತಿದ್ದರೆ ಜಾತ್ರೆ ನಡೆದಿರಬಹುದು. 'ಚಾಪೆಲ್ ಕ್ಲೋಸ್' ಅಂದರೆ ಪ್ರಾರ್ಥನಾ ಮಂದಿರ ಇದ್ದಿರಬಹುದು. 'ಬ್ಲ್ಯಾಕ್‌ಲ್ಯಾಂಡ್ಸ್' ಅಂದರೆ ಜನ ಬಹುಕಾಲ ಬಾಳಿ ಮಣ್ಣು ಕಪ್ಪಾದ ನೆಲ ಇರಬಹುದು. 'ಇರಬಹುದು' ಅನ್ನೋದನ್ನು ಮರೆಯಬಾರದು. ತೀರಾ ಪುಟ್ಟ ತುಂಡಿಗೆ ತಮಾಷೆಗೆ 'ಹಂಡ್ರೆಡ್ ಏಕರ್ಸ್' ಅಂತ ಹೆಸರಿಟ್ಟಿರೋ ಜನ ಅವರು. ನನಗೆ ಸಿಕ್ಕ ಒಂದು ಫೇರ್ ಫೀಲ್ಡ್‌ನಲ್ಲಿ ಮೂರು ದಿನಕ್ಕೆ ಸಿಕ್ಕಿದ್ದು ನ್ಯೂರೆಂಬರ್ಗಿನ ಒಂದೇ ಒಂದು ಹಿತ್ತಾಳೆ ಬಿಲ್ಲೆ, ಹಿಂದೆ ಲೆಕ್ಕ ಹಾಕಲು ಬಳಸುತ್ತಿದ್ದದ್ದು. ಅದನ್ನು ಸಿಕ್ಕ ಜಾಗ ಹೇಳೋ ಹತ್ತಂಕಿಯ ಗ್ರಿಡ್ ಉಲ್ಲೇಖದ ಜೊತೆ, ಜನರಿಗೆ ಸಿಕ್ಕ ಹಳೇ ವಸ್ತುಗಳ ದಾಖಲೆ ಇಡೋ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನವರ ಬಳಿ ದಾಖಲಿಸಿದೆ. ಹತ್ತಂಕಿ ಅಂದರೆ ಒಂದು ಮೀಟರ್ ಚೌಕದಷ್ಟು ನಿಖರ. ಅಷ್ಟೂ ಬರೆದಿಡದಿದ್ದರೆ ಮುಂದಿನವರಿಗೆ ನಾನು ಬಿಟ್ಟು ಹೋಗೋದು ಖಾಲಿ ಗುಂಡಿ ಮಾತ್ರ.

ಸ್ಯಾಕ್ಸ್‌ಟನ್, ಸ್ಪೀಡ್ ಇವರ ಹದಿನಾರು, ಹದಿನೇಳನೇ ಶತಮಾನದ ಜಿಲ್ಲಾ ನಕ್ಷೆಗಳು ಗೋಡೆಗೆ ಚೆಂದ. ಹೊಲ ಹುಡುಕೋದಕ್ಕೆ ಬರೋದಿಲ್ಲ, ಅವುಗಳಲ್ಲಿ ರಸ್ತೆಗಳೇ ಇಲ್ಲ. ರಸ್ತೆ ಬೇಕಿದ್ದರೆ ಓಗಿಲ್ಬಿ ದಾರಿಗಳನ್ನು ಉದ್ದುದ್ದ ಪಟ್ಟಿಗಳಾಗಿ ಬರೆದ 1675ರ ನಕ್ಷೆ ನೋಡಬೇಕು.

ನಕ್ಷೆ ಎಷ್ಟೇ ಆಸೆ ಹುಟ್ಟಿಸಿದರೂ ಸಂರಕ್ಷಿತ ಸ್ಮಾರಕದ ಗಡಿಯೊಳಗೆ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸೋದು 1979ರ ಕಾನೂನಿನಂತೆ ಅಪರಾಧ. ಅದಕ್ಕೇ ಸ್ಮಾರಕಗಳನ್ನು ನೋಡಿಕೊಳ್ಳೋ 'ಹಿಸ್ಟಾರಿಕ್ ಇಂಗ್ಲೆಂಡ್' ಸಂಸ್ಥೆಯ ನಕ್ಷೆಯನ್ನು ಮೊದಲು ತೆರೆದು ನೋಡ್ತೀನಿ. ಕಾನೂನಿನ ಪ್ರಕಾರ 'ಟ್ರೆಷರ್' (ನಿಧಿ) ಅನ್ನಿಸಿಕೊಳ್ಳೋದೇನಾದರೂ ಸಿಕ್ಕರೆ ಹದಿನಾಲ್ಕು ದಿನದೊಳಗೆ ತಿಳಿಸಲೇಬೇಕು. ಇನ್ನು ಜಮೀನಿನವರ ಒಪ್ಪಿಗೆ. ಅದನ್ನು ಕೇಳೋಕೆ ಹೋಗುವಾಗ ಡಿಟೆಕ್ಟರ್ ಕಾರಿನಲ್ಲೇ ಬಿಟ್ಟು, ಅವರ ಹೊಲದ ಹಳೇ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗ್ತೀನಿ. ಬಾಗಿಲಲ್ಲೇ 'ಬೇಡ' ಅನ್ನೋಕೆ ಹೊರಟವರೂ ನಕ್ಷೆ ಕಂಡ ಮೇಲೆ ಕನ್ನಡಕ ತರೋಕೆ ಒಳಗೆ ಹೋಗಿದ್ದಾರೆ.

ಕಳೆದ ಶರತ್ಕಾಲದಲ್ಲಿ ಹೀಗೇ ಇನ್ನೊಬ್ಬ ರೈತರ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿದ್ದೆ. ಹಳೇದರಲ್ಲಿದ್ದು ಈಗ ಇಲ್ಲದ ಒಂದು ಕೊಳ ತೋರಿಸಿ, ಇಲ್ಲಿಂದ ಶುರು ಮಾಡ್ತೀನಿ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಅದನ್ನು ಮುಚ್ಚಿಸಿದ್ದು ನಮ್ಮಪ್ಪ," ಅಂದರು. "ಅಲ್ಲಿಗೆ ಮಾತ್ರ ಹೋಗಬೇಡಿ. ಹಳೇ ಟ್ರ್ಯಾಕ್ಟರಿನ ಅರ್ಧ ಅದರೊಳಗೇ ಇದೆ."