ಇಎಂಐ ಲೆಕ್ಕ: ಬ್ರಾಕೆಟ್ ಒಳಗೆ ಏನು, ಯಾವ ಕ್ರಮದಲ್ಲಿ?

ಸಾಲ 5 ಲಕ್ಷ, ಬಡ್ಡಿ ವರ್ಷಕ್ಕೆ ಶೇ 9, ಅವಧಿ 5 ವರ್ಷ. ತಿಂಗಳ ಕಂತು ಎಷ್ಟು? ಎಕ್ಸೆಲ್‌ನಲ್ಲಿ ಇದಕ್ಕೆ ಪಿಎಂಟಿ ಎಂಬ ಫಂಕ್ಷನ್ ಇದೆ. ಅದಕ್ಕೆ ನಾವು ಕೊಡುವ ಒಂದೊಂದು ಮಾಹಿತಿಯೂ ಒಂದು ಆರ್ಗ್ಯುಮೆಂಟ್.

ಖಾಲಿ ಸೆಲ್‌ನಲ್ಲಿ ಸಮ ಚಿಹ್ನೆ ಹಾಕಿ, ಫಂಕ್ಷನ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಬ್ರಾಕೆಟ್ ತೆರೆಯಿರಿ. ಕೂಡಲೇ ಕೆಳಗೆ ಒಂದು ಸುಳಿವು ಕಾಣುತ್ತದೆ: ರೇಟ್, ಎನ್‌ಪರ್, ಪಿವಿ, [ಎಫ್‌ವಿ], [ಟೈಪ್]. ಅಂದರೆ ಬಡ್ಡಿ ದರ, ಕಂತುಗಳ ಸಂಖ್ಯೆ, ಸಾಲದ ಮೊತ್ತ, ಕೊನೆಗೆ ಉಳಿಯುವ ಬಾಕಿ, ಕಂತು ಕಟ್ಟುವ ಸಮಯ. ಚೌಕ ಬ್ರಾಕೆಟ್‌ನಲ್ಲಿರುವುದನ್ನು ಬಿಟ್ಟರೂ ನಡೆಯುತ್ತದೆ. ಮೊದಲ ಮೂರು ಬೇಕೇ ಬೇಕು, ಅದೇ ಕ್ರಮದಲ್ಲಿ.

ಈಗ ತುಂಬಿ: =ಪಿಎಂಟಿ(9%/12, 60, 500000)

ಉತ್ತರ ಸುಮಾರು 10,379 ರೂಪಾಯಿ. ಹಣ ನಿಮ್ಮ ಕೈಯಿಂದ ಹೋಗುವುದರಿಂದ ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ. ಕಂತು ತಿಂಗಳದ್ದಾದರೆ ದರವೂ ತಿಂಗಳದ್ದೇ ಆಗಬೇಕು. 12ರಿಂದ ಭಾಗಿಸುವುದನ್ನು ಮರೆತರೆ ಕಂತು 45,000 ದಾಟುತ್ತದೆ!

ನಮ್ಮವರು ಜಾಸ್ತಿ ಎಡವುವ ಜಾಗ ಬೇರೆಯೇ ಇದೆ. ಮೊತ್ತವನ್ನು ನಾವು 5,00,000 ಎಂದು ಬರೆಯುತ್ತೇವೆ ಅಲ್ವಾ? ಬ್ರಾಕೆಟ್ ಒಳಗೆ ಕಾಮಾ ಬಂತೆಂದರೆ ಒಂದು ಆರ್ಗ್ಯುಮೆಂಟ್ ಮುಗಿಯಿತು ಎಂದರ್ಥ. ಹಾಗಾಗಿ ಎಕ್ಸೆಲ್ ಅದನ್ನು ಸಾಲ 5, ಬಾಕಿ 0, ಟೈಪ್ 0 ಎಂದು ಓದುತ್ತದೆ. ಐದು ಜಾಗವೂ ಸರಿಯಾಗಿ ತುಂಬಿರುವುದರಿಂದ ಯಾವ ತಪ್ಪನ್ನೂ ತೋರಿಸುವುದಿಲ್ಲ. ಕಂತು ಬರೀ 10 ಪೈಸೆ! ಇಲ್ಲಿ ತಪ್ಪು ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಶೀಟ್‌ನ ನಡುವೆ ಎಲ್ಲೋ ಸೇರಿಕೊಂಡರೆ ಹುಡುಕುವುದು ನಿಜಕ್ಕೂ ಕಷ್ಟ.

ಅದಕ್ಕೇ ಮೊತ್ತ, ದರ, ತಿಂಗಳುಗಳನ್ನು ಬೇರೆ ಬೇರೆ ಸೆಲ್‌ಗಳಲ್ಲಿಡಿ. ಉದಾಹರಣೆಗೆ ಬಿ1, ಬಿ2, ಬಿ3. ಆಮೇಲೆ =ಪಿಎಂಟಿ(ಬಿ2/12, ಬಿ3, ಬಿ1) ಎಂದು ಬರೆಯಿರಿ. ದರ ಬದಲಾದರೆ ಫಾರ್ಮುಲಾ ಮುಟ್ಟಬೇಕಿಲ್ಲ.

ಕಂತನ್ನು ತಿಂಗಳ ಶುರುವಿಗೇ ಕಟ್ಟುವುದಾದರೆ ಐದನೆಯ ಜಾಗದಲ್ಲಿ 1 ಬೇಕು. ನಾಲ್ಕನೆಯದನ್ನು ಸುಮ್ನೆ ಖಾಲಿ ಬಿಡಿ, ಆದರೆ ಅದರ ಕಾಮಾ ಉಳಿಯಲಿ: =ಪಿಎಂಟಿ(ಬಿ2/12, ಬಿ3, ಬಿ1,,1). ಕಂತು ಸುಮಾರು 10,302ಕ್ಕೆ ಇಳಿಯುತ್ತದೆ.

ಜರ್ಮನಿಯಲ್ಲಿರುವ ಕನ್ನಡಿಗರು ಕಾಮಾ ಬದಲು ಸೆಮಿಕೋಲನ್ ಹಾಕಬೇಕಾಗಬಹುದು. ಅಲ್ಲಿ ದಶಮಾಂಶಕ್ಕೇ ಕಾಮಾ ಬಳಸುತ್ತಾರೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಕಾಮಾ ನಿಯಮ ಇದೇ. ಪ್ರಿಂಟ್(5,00,000) ಎಂದರೆ 5 0 0 ಎಂದು ಬರುತ್ತದೆ. ಆದರೆ 3.6ನೇ ಆವೃತ್ತಿಯಿಂದ ಅಲ್ಲಿ 5_00_000 ಎಂದು ಬರೆಯಬಹುದು. ನೀವೇ ಬರೆದ ಫಂಕ್ಷನ್‌ಗೆ ಹೆಸರು ಹೇಳಿಯೂ ಆರ್ಗ್ಯುಮೆಂಟ್ ಕೊಡಬಹುದು: ಕಂತು(ಸಾಲ=5_00_000, ತಿಂಗಳು=60, ದರ=9). ಹೀಗೆ ಕೊಟ್ಟಾಗ ಕ್ರಮ ಹಿಂದುಮುಂದಾದರೂ ಲೆಕ್ಕ ತಪ್ಪುವುದಿಲ್ಲ.