ತಾರೀಖಿಲ್ಲದ ಫೈಲು ಕಪಾಟಿಗಿಲ್ಲ

ಮುಂಬಯಿಯ ಫೋರ್ಟ್‌ನಲ್ಲಿರುವ ನಮ್ಮ ವಕೀಲರ ಆಫೀಸಿಗೆ ಬರುವವರಲ್ಲಿ ಉಡುಪಿ, ಮಂಗಳೂರು ಕಡೆಯ ಹೋಟೆಲಿನವರೇ ಹೆಚ್ಚು. ಬಾಡಿಗೆ ಜಾಗದ ದಾವೆ, ಪಾಲುದಾರರ ಜಗಳ, ಬಾಕಿ ವಸೂಲಿ. ಬಾಡಿಗೆ ತಕರಾರು ನೋಡುವ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ದಾವೆ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಯಜಮಾನರು ಊರು ಸೇರಿರುತ್ತಾರೆ, ಗಲ್ಲಾದಲ್ಲಿ ಮಗ ಕೂತಿರುತ್ತಾನೆ, ಫೋನ್ ನಂಬರು ಬದಲಾಗಿರುತ್ತದೆ.

ಇಂಥ ಫೈಲುಗಳನ್ನು ನೋಡಿಕೊಳ್ಳುವ ಹೊಣೆ ನನಗೆ ಬಂದಾಗ ಒಂದೇ ಕಟ್ಟುನಿಟ್ಟು ಮಾಡಿದೆ. ಮುಂದಿನ ಕೆಲಸ ಏನು, ಯಾರು ಮಾಡಬೇಕು, ಮತ್ತೆ ಯಾವಾಗ ನೋಡಬೇಕು ಎಂದು ಮೇಲೆ ಬರೆಯದ ಫೈಲು ಕಪಾಟಿಗೆ ಹೋಗಬಾರದು. ಕೋರ್ಟು ತಾರೀಖು ಕೊಡದಿದ್ದರೆ ನಾವೇ ಒಂದು ಹಾಕಿಕೊಳ್ಳುತ್ತೇವೆ. ಶನಿವಾರ ನಾನೂ ಗುಮಾಸ್ತರೂ ಕೂತು ಆ ವಾರದ ಫೈಲುಗಳನ್ನು ಇಳಿಸಿ, ಪ್ರತಿ ಕೇಸಿಗೂ ಇರುವ ಸಿಎನ್ಆರ್ ನಂಬರು ಹಾಕಿ ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಸ್ಥಿತಿ ನೋಡುತ್ತೇವೆ. ಹೈಕೋರ್ಟಿನದಾದರೆ ಆಫೀಸ್ ಆಬ್ಜೆಕ್ಷನ್, ಅಂದರೆ ಅರ್ಜಿಯಲ್ಲಿ ಕೋರ್ಟಿನ ಕಚೇರಿ ಎತ್ತಿ ತೋರಿಸಿದ ಕೊರತೆ, ಉಳಿದಿದೆಯೇ ಎಂಬುದನ್ನೇ ಮೊದಲು ನೋಡುವುದು. ಅದನ್ನು ತೆಗೆಯದೆ ಬಿಟ್ಟರೆ ವಿಚಾರಣೆಗೆ ಮುಂಚೆಯೇ ಅರ್ಜಿ ತಿರಸ್ಕೃತವಾಗಬಹುದು.

ಕೋರ್ಟಿಗೆ ಇನ್ನೂ ಹೋಗದ ಫೈಲುಗಳ ಮೇಲೆ ಹೆಚ್ಚು ಕಣ್ಣು ಬೇಕು. ಸಾಲ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಮಿತಿ. ನೋಟಿಸು ಕೊಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಎದುರಿನವರು ‘ದೀಪಾವಳಿ ಕಳೆದ ಮೇಲೆ ಕೊಡ್ತೇನೆ’ ಎಂದು ಬಾಯಲ್ಲಿ ಹೇಳಿದರೂ ನಿಲ್ಲುವುದಿಲ್ಲ. ಮಿತಿ ಮುಗಿಯುವ ಮುಂಚೆ ಸಾಲ ಒಪ್ಪಿ ಸಹಿ ಹಾಕಿದ ಕಾಗದ ಸಿಕ್ಕರೆ, ಸಹಿಯ ದಿನದಿಂದ ಹೊಸ ಲೆಕ್ಕ.

ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವುದು ಫೋನನ್ನು. ಹೊಸ ಸುದ್ದಿ ಏನೂ ಇಲ್ಲದಿದ್ದರೂ ಮಾಡುತ್ತೇನೆ. ಒಮ್ಮೆ ಕುಂದಾಪುರದ ಮನೆಗೆ ಮಾಡಿದಾಗ ಯಜಮಾನರ ಹೆಂಡತಿ ಎತ್ತಿಕೊಂಡರು. “ಅವರು ಹೋಗಿ ಎರಡು ತಿಂಗಳಾಯ್ತು, ವಕೀಲ್ರೇ. ಕೋರ್ಟಿಗೆ ಹೇಳ್ಬೇಕು ಅಂತ ನಮಗೆ ಗೊತ್ತಿರ್ಲಿಲ್ಲ” ಎಂದರು. ಗೊತ್ತಿರುವುದಾದರೂ ಹೇಗೆ? ವಾದಿ ತೀರಿಕೊಂಡರೆ 90 ದಿನದೊಳಗೆ ವಾರಸುದಾರರ ಹೆಸರು ಸೇರಿಸಲು ಅರ್ಜಿ ಹಾಕಬೇಕು, ಇಲ್ಲದಿದ್ದರೆ ಅವರ ಮಟ್ಟಿಗೆ ದಾವೆ ತಾನಾಗಿ ಬಿದ್ದುಹೋಗುತ್ತದೆ. ಅದನ್ನು ಎಬ್ಬಿಸಲು ಮತ್ತೆ 60 ದಿನದ ಅವಕಾಶವಿದೆ, ಆದರೆ ಕಾರಣ ಹೇಳಬೇಕು. ಅವತ್ತೇ ವಕಾಲತ್ತು ನಮೂನೆಗಳನ್ನು ಕಳಿಸಿ, ಮಕ್ಕಳ ಸಹಿ ಮತ್ತು ಮರಣ ಪತ್ರ ತರಿಸಿಕೊಂಡು ಅವಧಿಯೊಳಗೇ ಅರ್ಜಿ ಹಾಕಿದೆವು. ಪ್ರತಿವಾದಿ ಸತ್ತರೂ ಇದೇ 90 ದಿನ. ಹಾಗಾಗಿ ಈಗ “ಎದುರಿನವರು ಹುಷಾರಿದ್ದಾರಾ ಅಣ್ಣ?” ಎಂದೂ ಕೇಳುತ್ತೇನೆ. ಒಂದೇ ಗಲ್ಲಿಯಲ್ಲಿರುವವರಿಗೆ ಅದು ತಿಳಿದಿರುತ್ತದೆ.

ಫೀಸು ಬಾಕಿಯೆಂದು ಫೈಲನ್ನು ಮೂಲೆಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಕೇಸು ಬೇಡ ಎನ್ನುವವರಿಂದ ಅದನ್ನು ಬರಹದಲ್ಲಿ ಪಡೆದು, ಕೋರ್ಟಿನಲ್ಲಿ ಆಗಬೇಕಾದ್ದನ್ನು ಮುಗಿಸಿ, ಮೂಲ ದಾಖಲೆಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಆಮೇಲಷ್ಟೇ ಆ ಹೆಸರು ಶನಿವಾರದ ಪಟ್ಟಿಯಿಂದ ಇಳಿಯುತ್ತದೆ.